ಮೂರನೆಯ ಎಳೆತ

ಆಮ್ಸ್ಟರ್‌ಡ್ಯಾಮಿನ ಪಕ್ಕದ ಆಮ್ಸ್ಟೆಲ್‌ವೀನ್‌ನಲ್ಲಿ ನಾವಿರುವ ಕಟ್ಟಡದ ಐದನೆಯ ಮಹಡಿಯಲ್ಲಿ ಹನ್ನೊಂದು ಮನೆಗಳು, ಎಲ್ಲಕ್ಕೂ ಸೇರಿ ಹೊರಗೆ ಒಂದೇ ಉದ್ದನೆಯ ಮೊಗಸಾಲೆ. ಏಳನೆಯ ಬಾಗಿಲು ನಮ್ಮದು, ಎಂಟನೆಯದು ಯದುಲ್ಲಾ ಚಾಚಾ ಅವರದು. ಅವರ ವಿಷಯ ಬರೆಯಬೇಕು ಅಂದುಕೊಂಡಾಗಲೆಲ್ಲ ನಾನು ಮಾಡಿದ ಒಂದು ತಪ್ಪು ಅಡ್ಡ ಬಂದು ನಿಲ್ಲುತ್ತದೆ. ಕೇಳಿದರೆ ದೊಡ್ಡ ತಪ್ಪು ಅನ್ನಿಸುವುದಿಲ್ಲ. ಅವರು ಬೇಡ ಅಂದರು, ನಾನು ನಂಬಿದೆ.

ನಾನು ಅಮ್ರೀನ್, ಬೀದರಿನವಳು. ಗಂಡ ನೋಮಾನ್ ಬೆಂಗಳೂರಿನವನು. ಮಗಳು ಲೈಬಾಗೆ ಆಗ ಒಂಬತ್ತು ವರ್ಷ. ಆಮ್ಸ್ಟರ್‌ಡ್ಯಾಮಿನ ಒಂದು ಬ್ಯಾಂಕಿಗೆ ಸಾಫ್ಟ್‌ವೇರ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಅಂದರೆ ಬೇರೆಯವರು ಮಾಡಿಟ್ಟದ್ದರಲ್ಲಿ ತಪ್ಪು ಹುಡುಕುವುದು. ಈ ಕೆಲಸಕ್ಕೆ ಬೇಕಾದ ಸಿಟ್ಟು ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನೋಮಾನ್ ಹೇಳುತ್ತಿರುತ್ತಾನೆ.

ಚಾಚಾ ಇರಾನಿನ ಯಜ್ದ್ ಊರಿನವರು. ಅವರನ್ನು ಮೊದಲು ಕಂಡದ್ದು ಲಿಫ್ಟಿನಲ್ಲಿ, ನಾವು ಈ ಮನೆಗೆ ಬಂದ ವಾರ. ಗಿಡ್ಡ ದೇಹ, ಆ ದೇಹಕ್ಕೆ ಹೊಂದದಷ್ಟು ಅಗಲವಾದ ಅಂಗೈ. ಐದನೆಯ ಮಹಡಿ ಬಂದಾಗ ಕೈ ಚಾಚಿ ನನಗೆ ದಾರಿ ಬಿಟ್ಟರು. ನೀವು ಹಿರಿಯರು, ನೀವು ಮೊದಲು ಎಂದೆ. ಸಾಧ್ಯವೇ ಇಲ್ಲ ಎಂದು ತಲೆಯಾಡಿಸಿದರು. ನಾನೂ ಬಿಡಲಿಲ್ಲ. ಅಷ್ಟರಲ್ಲಿ ಬಾಗಿಲು ಮುಚ್ಚಿಕೊಂಡು ಲಿಫ್ಟು ಇಬ್ಬರನ್ನೂ ವಾಪಸ್ಸು ಕೆಳಗೆ ಇಳಿಸಿತು. ಕೆಳಗೆ ಕಾಯುತ್ತಿದ್ದ ಡಚ್ ಹೆಂಗಸು ಯಾಕೆ ಇಳಿಯುತ್ತಿಲ್ಲ ಎನ್ನುವಂತೆ ನಮ್ಮನ್ನು ನೋಡಿದಳು. ಹೀಗೆ ನಮ್ಮ ಪರಿಚಯವಾಯಿತು.

ಅವರ ಪಾರಸಿ ಅರ್ಧ, ನನ್ನ ದಖನಿ ಅರ್ಧ, ಸಾಲದ್ದಕ್ಕೆ ಇಬ್ಬರ ಹರಕು ಡಚ್ಚು. ಮಾತಿಗೆ ಎಂದೂ ಕೊರತೆಯಾಗಲಿಲ್ಲ. ಅವರ ಮಾತನ್ನು ಇಲ್ಲಿ ಬೀದರಿನ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೇ ಕೇಳುತ್ತಿತ್ತು.

ಯಜ್ದ್ ಮರುಭೂಮಿಯ ನಡುವಿನ ಮಣ್ಣಿನ ಊರು. ಮನೆಗಳು ಮಣ್ಣಿನವು, ಗೋಡೆಗಳು ಮಣ್ಣಿನವು, ಗಾಳಿಯನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸಲು ಮನೆಯ ತಲೆಯ ಮೇಲೆ ಕಟ್ಟಿದ ಗೋಪುರಗಳೂ ಮಣ್ಣಿನವೇ. ಬೆಂಕಿಯನ್ನು ಪೂಜಿಸುವ ಪಾರಸಿಗಳೂ ಮುಸಲ್ಮಾನರೂ ಒಂದೇ ಕಾಲುವೆಯ ನೀರು ಕುಡಿದ ಊರು. ಹಳೆಯ ಬಾಗಿಲುಗಳಿಗೆ ತಟ್ಟಲು ಎರಡೆರಡು ಹಿಡಿಗಳಿರುತ್ತವಂತೆ, ಗಂಡಸರಿಗೆ ಭಾರವಾದ ಕಬ್ಬಿಣದ ಪಟ್ಟಿ, ಹೆಂಗಸರಿಗೆ ತೆಳುವಾದ ಬಳೆ. ಸದ್ದಿನ ಮೇಲೆ ಒಳಗಿನವರು ಯಾರು ಎದ್ದು ಬಾಗಿಲು ತೆರೆಯಬೇಕೆಂದು ಗೊತ್ತು ಮಾಡಿಕೊಳ್ಳುತ್ತಾರೆ. ಹೈದರಾಬಾದಿನ ಇರಾನಿ ಚಹಾದ ಹೋಟೆಲುಗಳಲ್ಲಿ ಎಷ್ಟೋ ಯಜ್ದಿನವರು ಇಟ್ಟವು ಎಂದು ಅವರೇ ಹೇಳಿದ್ದು. "ನಿಮಗ ಚಹಾ ಕುಡಿಲಾಕ ಕಲಿಸಿದವ್ರು ನಾವ" ಎಂದು ಆಗಾಗ ಹಂಗಿಸುತ್ತಿದ್ದರು.

ಆ ಊರಿಗೆ ಮಳೆಯಿಲ್ಲ, ಹೊಳೆಯಿಲ್ಲ. ನೀರು ಬರಬೇಕಾದದ್ದು ದೂರದ ಬೆಟ್ಟದ ಬುಡದಿಂದ, ನೆಲದೊಳಗಿನ ಸುರಂಗದಲ್ಲಿ. ಅದಕ್ಕೆ ಕನಾತ್ ಎನ್ನುತ್ತಾರೆ. ಹತ್ತಾರು ಮೈಲಿ ಸುರಂಗ, ಮೇಲಿಂದ ಮಣ್ಣೆತ್ತಲು ಸಾಲಾಗಿ ಬಾವಿಗಳು. ನಮ್ಮ ಬೀದರಿನ ನೌಬಾದಿನಲ್ಲೂ ಅಂಥದ್ದೇ ಸುರಂಗ ಬಾವಿ ಇದೆ. ಬಹಮನಿಗಳ ಕಾಲದ್ದು ಅನ್ನುತ್ತಾರೆ. ಚಿಕ್ಕವಳಿದ್ದಾಗ ಅದರಲ್ಲಿ ಕಲ್ಲು ಹಾಕಿ ಸದ್ದು ಕೇಳುವುದೇ ನಮಗೆ ಆಟ. ಫೋನಿನಲ್ಲಿ ಅದರ ಚಿತ್ರ ತೋರಿಸಿದಾಗ ಚಾಚಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಚಂದ ಇದೆ ಅನ್ನಲಿಲ್ಲ.

"ಇದ್ರಾಗ ಈಗ ಯಾರು ಇಳೀತಾರ?" ಅಂದರು.

"ಯಾರೂ ಇಳಿಯಂಗಿಲ್ಲ ಚಾಚಾ. ನಾವು ಕಲ್ಲು ಹಾಕ್ತಿದ್ವಿ."

ಅವರು ಫೋನನ್ನು ನನ್ನ ಕೈಗಿಟ್ಟು ಎದ್ದು ಹೋದರು.

ಅವರ ಮನೆತನದವರು ಏಳು ತಲೆಮಾರಿನಿಂದ ಕನಾತ್ ಅಗೆಯುವವರು. ಅವರೂ ಇಪ್ಪತ್ತೊಂದು ವರ್ಷ ಅಗೆದರು. ಆ ಕೆಲಸಕ್ಕೆ ಇಳಿಯುವವನು ಬಿಳಿ ಬಟ್ಟೆಯನ್ನೇ ಹಾಕಿಕೊಳ್ಳಬೇಕು, ತಲೆಗೂ ಬಿಳಿ ಟೊಪ್ಪಿ. ಕತ್ತಲಲ್ಲಿ ಕಾಣಲಿ ಎಂದು ಒಂದು ಕಾರಣ. ಮಣ್ಣು ಕುಸಿದು ಅಲ್ಲೇ ಉಳಿದರೆ ಮೈಮೇಲಿನದೇ ಹೆಣಕ್ಕೆ ಹೊದಿಸುವ ಕಫನ್ ಆಗಲಿ ಎಂದು ಇನ್ನೊಂದು. ಕೆಳಗಿರುವವನಿಗೂ ಮೇಲೆ ರಾಟೆ ಹಿಡಿದವನಿಗೂ ನಡುವೆ ಒಂದು ಹಗ್ಗ. ಆಳದಿಂದ ಕೂಗಿದರೆ ಕೇಳುವುದಿಲ್ಲ, ಆದ್ದರಿಂದ ಹಗ್ಗವೇ ಮಾತು. ಒಂದು ಸಲ ಎಳೆದರೆ ಮಣ್ಣಿನ ತೊಟ್ಟಿ ತುಂಬಿದೆ. ಎರಡು ಸಲ ಎಳೆದರೆ ನಾನು ಚೆನ್ನಾಗಿದ್ದೇನೆ, ಕೆಲಸ ಬಾಕಿಯಿದೆ. ಮೂರು ಸಲ ಎಳೆದರೆ ನನ್ನನ್ನು ಮೇಲೆತ್ತು.

ಅವರ ರಾಟೆಯವನ ಕೈ ಮುರಿದ ಮೇಲೆ ಬೇರೆ ಯಾರೂ ಸಿಗದೆ ಹೆಂಡತಿ ತೂಬಾ ಬೀಬಿಯೇ ರಾಟೆಗೆ ನಿಂತರು. ಹೆಂಗಸು ರಾಟೆ ತಿರುಗಿಸುವುದನ್ನು ಊರು ಕಂಡಿರಲಿಲ್ಲ, ಬೇಕಾದಷ್ಟು ಆಡಿಕೊಂಡಿತು. ತೂಬಾ ಬೀಬಿ ಮೂರು ವರ್ಷ ತಿರುಗಿಸಿದರು. ಅದರಲ್ಲೊಂದು ದಿನ ಕೆಳಗೆ ಮಣ್ಣು ಜರಿದು ಚಾಚಾ ಸೊಂಟದವರೆಗೆ ಹೂತುಹೋದರು. ಅಂಥ ಹೊತ್ತಿನಲ್ಲೂ ಈ ಮಹಾನುಭಾವರು ಎಳೆದದ್ದು ಎರಡೇ ಸಲ.

"ಯಾಕ್ರಿ ಚಾಚಾ?" ಎಂದು ಕೇಳಿದ್ದೆ.

"ಮ್ಯಾಲ ಆಕಿ ಒಬ್ಬಾಕಿನ ಇದ್ಲು. ಅಂಜ್ತಾಳ ಅಂತ."

ತೂಬಾ ಬೀಬಿಗೆ ಆ ಎಳೆತದಲ್ಲಿ ಏನು ತಿಳಿಯಿತೋ, ಓಡಿಹೋಗಿ ಜನರನ್ನು ಕರೆತಂದರು. ಗಂಡ ಜೀವಂತ ಮೇಲೆ ಬಂದರು. ಆಮೇಲೆ ಒಂದು ವಾರ ತೂಬಾ ಬೀಬಿ ಅವರೊಂದಿಗೆ ಮಾತು ಬಿಟ್ಟರು. ಸುಳ್ಳು ಹೇಳಿದ್ದಕ್ಕೆ.

ಮುಂದೆ ಊರಿನ ಸುತ್ತ ಪಂಪಿನ ಬಾವಿಗಳು ಬಂದು ಅವರ ಕನಾತ್ ಬತ್ತಿತು. ಮಕ್ಕಳಿರಲಿಲ್ಲ. ತೂಬಾ ಬೀಬಿಯ ಅಣ್ಣ ರಾಟರ್‌ಡ್ಯಾಮ್ ಬಂದರಿನಲ್ಲಿದ್ದ, ಅವನ ಹಿಂದೆ ಇಬ್ಬರೂ ಇಲ್ಲಿಗೆ ಬಂದರು. ಇಲ್ಲಿ ಚಾಚಾಗೆ ನೆಲದಡಿ ಕೊಳವೆ ಹೂಳುವ ಕೆಲಸ ಸಿಕ್ಕಿತು. ಮೊದಲ ದಿನ ಎರಡು ಸಲಿಕೆ ಅಗೆದದ್ದೇ ತಡ, ಗುಂಡಿಯಲ್ಲಿ ನೀರು ನಿಂತಿತು. ಏಳು ತಲೆಮಾರು ಹುಡುಕಿದ ನೀರು ಹಿಮ್ಮಡಿ ಆಳದಲ್ಲೇ ಇತ್ತು, ಅದೂ ಯಾರಿಗೂ ಬೇಡವಾಗಿ. ಮೇಸ್ತ್ರಿ ಬೈಯುತ್ತ ಪಂಪು ಹಚ್ಚಿ ಅದನ್ನು ಹೊರಗೆ ಹಾಕಿಸಿದ. ಚಾಚಾ ಆ ದಿನ ಮನೆಗೆ ಬಂದು ಅತ್ತರಂತೆ. ಇದನ್ನು ಹೇಳುವಾಗ ಮಾತ್ರ ನಗುತ್ತಿದ್ದರು.

ತೂಬಾ ಬೀಬಿಗೆ ಮರೆವು ಶುರುವಾದದ್ದು ಅವರ ಎಪ್ಪತ್ತನೆಯ ವಯಸ್ಸಿನಲ್ಲಿ. ಮೊದಲು ಡಚ್ ಹೋಯಿತು, ಆಮೇಲೆ ಈ ಮನೆಯ ದಾರಿ, ಆಮೇಲೆ ಗಂಡನ ಮುಖ. ಉಳಿದದ್ದು ಯಜ್ದಿನ ಪಾರಸಿ ಮತ್ತು ಅಲ್ಲಿಯ ಹಳೆಯ ದಿನಗಳು. 2018ರಲ್ಲಿ ಅವರನ್ನು ನಾಲ್ಕು ಟ್ರ್ಯಾಮ್ ನಿಲ್ದಾಣಗಳಾಚೆಯ ಒಂದು ಆರೈಕೆ ಮನೆಗೆ ಸೇರಿಸಬೇಕಾಯಿತು. ಚಾಚಾ ದಿನಾ ಹನ್ನೊಂದಕ್ಕೆ ಹೋಗಿ, ಮಧ್ಯಾಹ್ನದ ಊಟವನ್ನು ಕೈಯಾರೆ ತಿನ್ನಿಸಿ, ಮೂರಕ್ಕೆ ಬರುತ್ತಿದ್ದರು. ಬೇರೆ ಯಾರ ಕೈಯಿಂದಲೂ ಆಕೆ ಸರಿಯಾಗಿ ತಿನ್ನುತ್ತಿರಲಿಲ್ಲ. ಈತ ಯಾರೆಂದು ಗೊತ್ತಿರಲಿಲ್ಲ, ಆದರೆ ತಿನ್ನುತ್ತಿದ್ದರು.

2020ರ ಮಾರ್ಚ್ ಇಪ್ಪತ್ತು, ಶುಕ್ರವಾರ, ಇರಾನಿಗಳ ಹೊಸವರ್ಷ. ಹಬ್ಬಕ್ಕೆಂದು ಚಾಚಾ ಎರಡು ವಾರ ಮೊದಲೇ ತಟ್ಟೆಯಲ್ಲಿ ಗೋಧಿ ಮೊಳಕೆ ಹಾಕಿದ್ದರು. ಗೇಣುದ್ದ ಹಸಿರಾಗಿತ್ತು. ಅದನ್ನು ಎದೆಗವಚಿಕೊಂಡು ಹೋದವರು ಮುಕ್ಕಾಲು ಗಂಟೆಯಲ್ಲಿ ತಟ್ಟೆಯ ಸಮೇತ ವಾಪಸ್ಸು ಬಂದರು. ಆ ದಿನದಿಂದ ದೇಶದ ಎಲ್ಲ ಆರೈಕೆ ಮನೆಗಳಿಗೂ ಹೊರಗಿನವರು ಹೋಗುವಂತಿಲ್ಲ ಎಂದು ಸರ್ಕಾರ ಹೇಳಿತ್ತು. ಚಾಚಾ ನನ್ನ ಬಾಗಿಲ ಮುಂದೆ ನಿಂತು ಅದನ್ನು ಹೇಳಿ, ಹಬ್ಬದ ಶುಭಾಶಯವನ್ನೂ ಹೇಳಿ ಒಳಗೆ ಹೋದರು.

ಆ ದಿನಗಳಲ್ಲಿ ನಾವೆಲ್ಲ ಮನೆಯೊಳಗೇ. ನಮ್ಮ ಎರಡು ಕೋಣೆಯಲ್ಲಿ ನೋಮಾನನ ಆಫೀಸು, ನನ್ನ ಆಫೀಸು, ಲೈಬಾಳ ಶಾಲೆ, ಮೂರೂ ಒಟ್ಟಿಗೆ ಕೂಗುತ್ತಿದ್ದವು. ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು ಸುಮ್ಮನೆ ಕೂತದ್ದೂ ಉಂಟು. ಗೋಡೆಯಾಚೆ ಚಾಚಾ ನಡೆಯುವ ಸದ್ದು ಕೇಳುತ್ತಿತ್ತು, ಹದಿಮೂರು ಹೆಜ್ಜೆ ಅತ್ತ, ಹದಿಮೂರು ಹೆಜ್ಜೆ ಇತ್ತ. ಲೈಬಾ ಎಣಿಸಿದ್ದಳು. "ಮಮ್ಮಾ, ಚಾಚಾ ಈಸ್ ಸ್ಟಕ್" ಅಂದಳು. ಯಾರು ಸ್ಟಕ್ ಆಗಿಲ್ಲ ಹೇಳು ಎಂದು ರೇಗಿದೆ.

ಫೋನು ಮಾಡಿದರೆ ತೂಬಾ ಬೀಬಿಗೆ ದನಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ವಿಡಿಯೋದಲ್ಲಿ ತೋರಿಸಿದರೆ ಹೆದರುತ್ತಿದ್ದರು. ಅದಕ್ಕೆ ಚಾಚಾ ಹನ್ನೊಂದಕ್ಕೆ ಹೊರಟು, ನಡೆದೇ ಹೋಗಿ, ಆರೈಕೆ ಮನೆಯ ಹಿಂದಿನ ತೋಟದಲ್ಲಿ ನಿಂತು ಮೂರನೆಯ ಮಹಡಿಯ ಕಿಟಕಿ ನೋಡಿ ಬರುತ್ತಿದ್ದರು. ಕೆಲವು ದಿನ ಗಾಜಿನ ಹಿಂದೆ ಅವರ ಬಿಳಿ ತಲೆವಸ್ತ್ರ ಕಾಣಿಸುತ್ತಿತ್ತು. ಹಲವು ದಿನ ಅದೂ ಇಲ್ಲ.

ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ಅವರು ಬಾಗಿಲು ತಟ್ಟಿದರು. ನಾನು ಒಂದು ಮೀಟಿಂಗಿನ ನಡುವೆ ಎದ್ದು ಬಂದಿದ್ದೆ. ಅವರು ಹವಾಮಾನ ಕೇಳಿದರು, ಬೀದರಿನ ತಾಯಿಯ ಆರೋಗ್ಯ ಕೇಳಿದರು, ಲೈಬಾಳ ಲೆಕ್ಕದ ಪಾಠದ ತನಕ ಬಂದರು. ಕೊನೆಗೆ, ತೂಬಾ ಊಟ ಬಿಟ್ಟಿದ್ದಾಳಂತೆ ಅಂದರು.

"ನಾ ಅಲ್ಲಿಗಿ ಫೋನ್ ಮಾಡಿ ಮಾತಾಡ್ಲೇನ್ರಿ?" ಅಂದೆ.

"ಬ್ಯಾಡ ಬೇಟಿ, ನಿನಗ ಕೆಲಸ ಅದ. ತ್ರಾಸ ತಗೋಬ್ಯಾಡ."

ಒಳಗಿನಿಂದ ಯಾರೋ ನನ್ನ ಹೆಸರು ಕರೆಯುತ್ತಿದ್ದರು. "ಆಯ್ತು ಚಾಚಾ, ಬೇಕಾದ್ರ ಹೇಳ್ರಿ" ಎಂದು ಬಾಗಿಲು ಹಾಕಿದೆ.

ಬೀದರಿನಲ್ಲಿ ನಮ್ಮ ಅಮ್ಮಿ ಮೊದಲನೆಯ ಬೇಡವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಊಟಕ್ಕೆ ಕೂತವರು ಸಾಕು ಅಂದರೆ ಅಮ್ಮಿಯ ಕೈ ನಿಲ್ಲುವುದಿಲ್ಲ. ಎರಡನೆಯ ಸಾಕಿಗೆ ಇನ್ನೊಂದು ರೊಟ್ಟಿ ಬೀಳುತ್ತದೆ. ಮೂರನೆಯ ಸಲ ತಟ್ಟೆಗೆ ಕೈ ಅಡ್ಡ ಹಿಡಿದರೆ ಆಗ ನಂಬುವುದು. ಇದನ್ನು ನಾವು ತಕಲ್ಲುಫ್ ಅನ್ನುತ್ತೇವೆ, ಚಾಚಾ ಕಡೆಯವರು ತಾರೂಫ್ ಅನ್ನುತ್ತಾರೆ. ಬೇಡ ಅನ್ನುವುದು ಕೇಳಿಸಿಕೊಂಡವರ ಮರ್ಯಾದೆ, ಮತ್ತೆ ಕೇಳುವುದು ಕೇಳುವವರ ಮರ್ಯಾದೆ. ನಾನು ಹತ್ತು ವರ್ಷ ಈ ದೇಶದಲ್ಲಿದ್ದು ಇಲ್ಲಿಯವರ ನೇರ ಮಾತನ್ನು ಕಲಿತೆ. ಬೇಕು ಅಂದರೆ ಬೇಕು, ಬೇಡ ಅಂದರೆ ಬೇಡ, ಎಷ್ಟು ನೆಮ್ಮದಿ ಎಂದು ಊರಿಗೆ ಹೋದಾಗಲೆಲ್ಲ ತಂಗಿಯರ ಮುಂದೆ ಕೊಚ್ಚಿಕೊಂಡೆ. ಆ ದಿನ ಮುಚ್ಚಿದ ಬಾಗಿಲ ಹೊರಗೆ ಚಾಚಾ ಸ್ವಲ್ಪ ಹೊತ್ತು ನಿಂತೇ ಇದ್ದರು ಎಂದು ಲೈಬಾ ಆಮೇಲೆ ಹೇಳಿದಳು. ನನಗೆ ಆಗಲೂ ಹೊಳೆಯಲಿಲ್ಲ.

ಮೇ ಕೊನೆಯ ವಾರ ನಿಯಮ ಸಡಿಲವಾಯಿತು. ಸೋಂಕಿಲ್ಲದ ಆರೈಕೆ ಮನೆಗಳಲ್ಲಿ ಒಬ್ಬೊಬ್ಬರಿಗೆ ಒಬ್ಬ ಖಾಯಂ ಭೇಟಿಗಾರ ಬರಬಹುದು. ಹತ್ತನೆಯ ಬಾಗಿಲಿನ ಡಚ್ ಅಜ್ಜಿ ತನ್ನ ಅಕ್ಕನನ್ನು ಅದೇ ಆರೈಕೆ ಮನೆಯಲ್ಲಿ ನೋಡಿ ಬಂದು ಮೊಗಸಾಲೆಯಲ್ಲಿ ಸುದ್ದಿ ಹೇಳಿದಳು. ಚಾಚಾ ಕೈಚೀಲ ಹಿಡಿದು ಎಂದಿನಂತೆ ತೋಟಕ್ಕೆ ಹೊರಟಿದ್ದರು.

"ನಿಮಗ ಫೋನ್ ಬರ್ಲಿಲ್ಲೇನ್ರಿ?" ಎಂದು ಕೇಳಿದೆ.

"ಬಂದಿತ್ತು. ಭಾಳ ಒಳ್ಳೆ ಹೆಣ್ಮಗಳು. ಬರ್ತೀರೇನು ಅಂತ ಕೇಳಿದ್ಲು."

"ನೀವೇನಂದ್ರಿ?"

"ಮೊದಲ ಬ್ಯಾರೆಯವ್ರಿಗೆ ಅವಕಾಶ ಕೊಡ್ರಿ, ನಂದೇನಿಲ್ಲ ಅಂದೆ." ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. "ಥ್ಯಾಂಕ್ಸ್ ಅಂತ ಹೇಳಿ ಇಟ್ಟುಬಿಟ್ಲು. ಮತ್ತ ಕೇಳ್ಲಿಲ್ಲ."

ನನ್ನ ಸಿಟ್ಟು ನೆತ್ತಿಗೇರಿತು. ಹೆಂಡತಿಯನ್ನು ನೋಡಲು ಅರವತ್ತು ದಿನ ಬಿಸಿಲಲ್ಲಿ ಮಳೆಯಲ್ಲಿ ನಿಂತವರು, ಬನ್ನಿ ಅಂದರೆ ಬೇಡ ಅನ್ನುತ್ತಾರೆಯೇ? ಅನ್ನಬಾರದ್ದನ್ನೆಲ್ಲ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಯುತ್ತಿರುವಾಗಲೇ ಏಪ್ರಿಲಿನ ಆ ಮಧ್ಯಾಹ್ನ ನೆನಪಾಯಿತು. ಅವರ ಬೇಡವನ್ನು ಕಿವಿಯಾರೆ ಕೇಳಿ, ಅದರ ಅರ್ಥವೂ ಗೊತ್ತಿದ್ದು, ಬಾಗಿಲು ಹಾಕಿದವಳು ನಾನೇ. ಆ ಫೋನಿನ ಹೆಣ್ಣುಮಗಳಿಗಾದರೂ ಗೊತ್ತಿರಲಿಲ್ಲ. ನನಗೆ ಬಹಳ ನಾಚಿಕೆಯಾಯಿತು.

ಆ ಕ್ಷಣವೇ ಆರೈಕೆ ಮನೆಗೆ ಫೋನು ಮಾಡಿದೆ. ತಂಡದ ಮುಖ್ಯಸ್ಥೆ ಸಭ್ಯಳೇ. ಅವರ ಹೆಸರಿನ ಮುಂದೆ ಭೇಟಿ ಬೇಡ ಎಂದು ಬರೆದಿದೆ, ಹೊಸ ಅರ್ಜಿ ಹಾಕಿ, ಮುಂದಿನ ಪಟ್ಟಿಯಲ್ಲಿ ಸೇರಿಸುತ್ತೇನೆ ಎಂದಳು. ಹಾಕಿದೆವು. ಜೂನ್ ಎಂಟರ ಸೋಮವಾರ ಬರಬಹುದು ಎಂದು ಪತ್ರ ಬಂತು. ಚಾಚಾ ಕ್ಷೌರದಂಗಡಿಗೆ ಹೋಗಿ ಬಂದರು, ಹಿಟ್ಟು ಕಲಸಿ ಏಲಕ್ಕಿ ಬಾದಾಮಿ ತುಂಬಿದ ಯಜ್ದಿನ ಕರಿದ ಸಿಹಿ ಮಾಡಿದರು. ಶನಿವಾರ ಇನ್ನೊಂದು ಫೋನು. ಎರಡನೆಯ ಮಹಡಿಯಲ್ಲಿ ಇಬ್ಬರಿಗೆ ಸೋಂಕು, ಆರೈಕೆ ಮನೆ ಮತ್ತೆ ಬಂದ್. ಯಾವಾಗ ತೆರೆಯುತ್ತದೋ ಹೇಳಲಾಗುವುದಿಲ್ಲ.

ಮೊದಲೇ ಹೂಂ ಅಂದಿದ್ದರೆ ಎರಡು ವಾರ ಕೈತುತ್ತು ತಿನ್ನಿಸಬಹುದಿತ್ತು. ಚಾಚಾ ಆ ಸಿಹಿಯನ್ನು ತಟ್ಟೆಯಲ್ಲಿಟ್ಟು ಲೈಬಾಗೆ ಕೊಟ್ಟರು. ಅವಳು ಒಂದು ತಿಂದು ಉಳಿದದ್ದನ್ನು ತೂಬಾ ದಾದೀಮಾಗೆ ಕೊಡೋಣ ಅಂದಳು.

ತೂಬಾ ಬೀಬಿಯ ಮಹಡಿಯಲ್ಲಿ ಪ್ರಭಾ ಎಂಬ ನರ್ಸ್ ಇದ್ದಳು. ಸುರಿನಾಮಿನ ಹಿಂದೂಸ್ತಾನಿ ಮನೆತನದವಳು, ನನ್ನ ಜೊತೆ ಅವರ ಕಡೆಯ ಹಿಂದಿಯಲ್ಲಿ ಮಾತಾಡುತ್ತಿದ್ದಳು. ಮುಂಬಾಗಿಲಿಗೆ ಏನು ಕೊಟ್ಟರೂ ಮೂರು ದಿನ ಬೇರೆ ಇಟ್ಟೇ ಒಳಗೆ ಕೊಡುವ ಕಾಲ ಅದು. ಪ್ರಭಾ ಕಿಟಕಿಯಿಂದ ಬಟ್ಟೆ ಒಣಹಾಕುವ ಹಗ್ಗ ಇಳಿಬಿಡುತ್ತೇನೆ, ಚೀಲ ಕಟ್ಟಿ ಅಂದಳು. ಹೇಳಲು ಹೋದರೆ ಅದೂ ನಿಯಮಕ್ಕೆ ವಿರುದ್ಧವೇ, ಆದರೆ ತೂಬಾ ಬೀಬಿ ಆಗ ಒಂಬತ್ತು ದಿನದಿಂದ ಗುಟುಕು ಗಂಜಿಯ ಮೇಲಿದ್ದರು. ಹೀಗೇ ಆದರೆ ಇನ್ನು ಹೆಚ್ಚು ದಿನವಿಲ್ಲ ಎಂದು ಅವಳು ನನಗೆ ಗುಟ್ಟಾಗಿ ಹೇಳಿದ್ದಳು. ನಾನು ಚಾಚಾಗೆ ಹೇಳಿರಲಿಲ್ಲ. ಅವರಿಗೆ ಗೊತ್ತಿತ್ತು.

ಬುಧವಾರ ಹನ್ನೊಂದಕ್ಕೆ ನಾನೂ ರಜೆ ಹಾಕಿ ತೋಟಕ್ಕೆ ಹೋದೆ. ಪ್ರಭಾ ತೂಬಾ ಬೀಬಿಯನ್ನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿದ್ದಳು. ನಾನು ಅವರನ್ನು ನೋಡಿ ಆರು ತಿಂಗಳಾಗಿತ್ತು. ಮುಖ ಮುಷ್ಟಿಯಷ್ಟಾಗಿತ್ತು. ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ. ಹಗ್ಗ ಕೆಳಗೆ ಬಂತು. ಚಾಚಾ ಸಿಹಿಯ ಚೀಲವನ್ನು ಅದಕ್ಕೆ ಕಟ್ಟಿದರು, ಕಟ್ಟಿ ಒಂದು ಸಲ ಎಳೆದರು. ಬೇಕೆಂದು ಎಳೆದದ್ದಲ್ಲ. ಹಗ್ಗ ಕೈಗೆ ಬಂದಾಗ ಆ ಕೈ ಹಾಗೆ ಮಾಡುತ್ತದೆ.

ಮೇಲೆ ತೂಬಾ ಬೀಬಿಯ ಕಣ್ಣು ನಿಂತಿತು. ಅವರು ಪ್ರಭಾಳ ಕೈಯಿಂದ ಹಗ್ಗ ಕಿತ್ತುಕೊಂಡರು. ಒಂದು ಕೈಯ ಮುಂದೆ ಇನ್ನೊಂದು ಕೈ ಹಾಕುತ್ತ, ಸರಸರನೆ, ಚೀಲವನ್ನು ಮೇಲೆತ್ತಿದರು. ಚಮಚ ಹಿಡಿಯಲಾಗದ ಕೈಗಳು ಅವು ಎಂದು ಪ್ರಭಾ ಆಮೇಲೆ ಹೇಳಿದಳು. ಚೀಲ ಬಿಚ್ಚಿಸಿ ಹಗ್ಗವನ್ನು ಮತ್ತೆ ಕೆಳಗೆ ಬಿಟ್ಟು, ಕಿಟಕಿಯ ಅಂಚಿಗೆ ಬಗ್ಗಿ ಕೂಗಿದರು.

"ಉಸ್ತಾದ್, ಸಂಜಿ ಆಯ್ತು. ಮ್ಯಾಲ ಬರ್ತೀಯೇನು?"

ಅದು ಬೆಳಗಿನ ಹನ್ನೊಂದು ಗಂಟೆ. ಆದರೆ ಅವರು ಇದ್ದದ್ದು ಯಜ್ದಿನ ಆಚೆಯ ಒಂದು ಬಾವಿಯ ಬಾಯಲ್ಲಿ, ಗಂಡ ಇದ್ದದ್ದು ಅದರ ತಳದಲ್ಲಿ. ಎರಡು ವರ್ಷದಿಂದ ಅವರು ಗಂಡನನ್ನು ಕರೆದಿರಲಿಲ್ಲ.

ಚಾಚಾ ಹಗ್ಗ ಹಿಡಿದು ಎರಡು ಸಲ ಎಳೆದರು.

ನಾನು ಚೆನ್ನಾಗಿದ್ದೇನೆ, ಕೆಲಸ ಬಾಕಿಯಿದೆ. ಮೇಲೆ ತೂಬಾ ಬೀಬಿಯ ಮುಖ ಸುಮ್ಮನಾಯಿತು, ಕೈ ಸಡಿಲವಾಯಿತು. ಪ್ರಭಾ ಕಿಟಕಿ ಮುಚ್ಚಲು ಮುಂದೆ ಬಂದಳು.

"ಚಾಚಾ, ಮತ್ತ ಸುಳ್ಳು ಹೇಳ್ತೀರೇನ್ರಿ?" ಅಂದೆ. "ಮೂರು ಎಳೀರಿ."

"ಅಂಜ್ತಾಳ ಬೇಟಿ."

"ಅಂಜಲಿ. ಎಳೀರಿ."

ಅವರು ಹಗ್ಗವನ್ನು ನೋಡುತ್ತ ನಿಂತರು. ನನ್ನನ್ನು ನೋಡಲು ಅವರಿಗೆ ಸಂಕೋಚವಿತ್ತು. ಎಪ್ಪತ್ತೆಂಟು ವರ್ಷದ ಮನುಷ್ಯ, ಒಬ್ಬರ ಹತ್ತಿರ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳದವರು. ಆಮೇಲೆ ಒಂದು ಸಲ ಎಳೆದರು. ಎರಡನೆಯ ಸಲ. ಅಲ್ಲಿ ನಿಂತರು. ಮೂರನೆಯದನ್ನು ಎಳೆದಾಗ ಅವರ ಮೈಯೆಲ್ಲ ಹಗ್ಗಕ್ಕೆ ಜೋತುಬಿದ್ದ ಹಾಗಿತ್ತು.

ತೂಬಾ ಬೀಬಿ ಕುರ್ಚಿಯಿಂದ ಎದ್ದು ನಿಂತರು. ಪ್ರಭಾ ಓಡಿ ಬಂದು ಅವರ ಸೊಂಟ ಹಿಡಿದಳು. ಆ ಮುದುಕಿ ಪಾದವನ್ನು ಗೋಡೆಗೆ ಒತ್ತಿ ಹಗ್ಗ ಎಳೆಯತೊಡಗಿದರು. ಚಾಚಾ ಬಿಡಲಿಲ್ಲ. ಇಬ್ಬರ ನಡುವೆ ಹಗ್ಗ ಬಿಗಿಯಾಗಿ ನಿಂತಿತು. ಕೆಳಗಿನವರು ಒಂದಂಗುಲವೂ ಮೇಲೇರಲಿಲ್ಲ, ಮೇಲಿನವರ ಕೈ ಸೋಲಲಿಲ್ಲ. ತೂಬಾ ಬೀಬಿ ಯಾರನ್ನೋ ಕೂಗಿ ಕರೆಯುತ್ತಿದ್ದರು, ಊರಿನವರನ್ನಿರಬೇಕು. ಚಾಚಾ ಗೋಡೆಗೆ ಹಣೆ ಹಚ್ಚಿ ಅತ್ತರು. ನಾನೂ ಅತ್ತೆ.

ಪ್ರಭಾ ಅಂದೇ ಮುಖ್ಯಸ್ಥೆಯ ಕೋಣೆಗೆ ಹೋಗಿ, ಆ ಹೆಂಗಸಿನ ಅಂಗೈ ಹೇಗೆ ಕೆಂಪಾಗಿದೆ ಬಂದು ನೋಡಿ ಎಂದಳಂತೆ. ಕೊನೆಯ ಸ್ಥಿತಿಯಲ್ಲಿರುವವರಿಗೆ ಒಬ್ಬರು ರಕ್ಷಣೆಯ ಬಟ್ಟೆ ತೊಟ್ಟು ಬರಬಹುದೆಂಬ ವಿನಾಯಿತಿ ಇತ್ತು. ಡಾಕ್ಟರು ಸಹಿ ಮಾಡಿದರು. ಮರುದಿನ ಬೆಳಿಗ್ಗೆ ಫೋನು ಬಂದಾಗ ಚಾಚಾ ಅದನ್ನು ಹಿಡಿದುಕೊಂಡೇ ಮೊಗಸಾಲೆಗೆ ಬಂದು ನನ್ನ ಕಿಟಕಿ ತಟ್ಟಿ, ಸ್ಪೀಕರ್ ಹಾಕಿದರು.

"ನಿಮಗೂ ವಯಸ್ಸಾಗಿದೆ, ಅಪಾಯ ಇದೆ" ಎಂದಳು ಮುಖ್ಯಸ್ಥೆ. "ಬರೋಕೆ ಇಷ್ಟ ಇದೆಯಾ?"

ಚಾಚಾ ಬಾಯಿ ತೆರೆದರು. ಆ ಬಾಯಿಯ ಆಕಾರ ನೋಡಿಯೇ ಬೇಡ ಅನ್ನಲಿದ್ದಾರೆ ಎಂದು ನನಗೆ ತಿಳಿಯಿತು. ನಾನು ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಮೂರು ಸಲ ಬಡಿದೆ.

"ಬರ್ತೀನಿ" ಅಂದರು. "ನನಗ ಬೇಕು."

ಆ ವಾರ ಆರೈಕೆ ಮನೆಯಲ್ಲಿ ರಕ್ಷಣೆಯ ಬಟ್ಟೆಗಳು ಮುಗಿದಿದ್ದವು. ಬಣ್ಣ ಬಳಿಯುವವರು ತೊಡುವ, ತಲೆ ಮುಚ್ಚುವ ಟೊಪ್ಪಿಯೂ ಸೇರಿದ ಬಿಳಿಯ ಉಡುಪು ತರಿಸಿದ್ದರು. ಪ್ರಭಾ ಅದನ್ನು ಚಾಚಾಗೆ ತೊಡಿಸಿ, ಮುಖವಾಡ ಕಟ್ಟಿ, ಮೂರನೆಯ ಮಹಡಿಗೆ ಕರೆದೊಯ್ದಳು. ಕಣ್ಣು ಬಿಟ್ಟರೆ ಅವರ ಮುಖದ ಯಾವ ಭಾಗವೂ ಕಾಣುತ್ತಿರಲಿಲ್ಲ. ಮುಖ ಕಾಣುವಾಗಲೇ ಗುರುತಿಸದವರು ಹೀಗೆ ಕಂಡರೆ ಹೆದರಿ ಕಿರುಚುತ್ತಾರೆ ಎಂದು ಅವಳು ಬಾಗಿಲಲ್ಲೇ ಕಾದು ನಿಂತಳಂತೆ. ಮುಂದಿನದನ್ನು ಚಾಚಾ ನನಗೆ ಹೇಳಿದ್ದು.

ತೂಬಾ ಬೀಬಿ ತಲೆಯೆತ್ತಿ ಅಡಿಯಿಂದ ಮುಡಿವರೆಗೆ ಬಿಳಿಯಾಗಿ ನಿಂತವರನ್ನು ನೋಡಿದರು. ಹತ್ತಿರ ಕರೆದು ತೋಳು ಮುಟ್ಟಿದರು, ಬೆನ್ನು ಮುಟ್ಟಿದರು, ಟೊಪ್ಪಿಯ ಮೇಲೆ ಕೈಯಾಡಿಸಿ ಮಣ್ಣು ಕೊಡವಿದರು. ಇಲ್ಲದ ಮಣ್ಣು.

"ಬಟ್ಟಿ ಒಣಗೇದ. ಇನ್ನ ನೀರು ಬಂದಿಲ್ಲ" ಅಂದರು. "ಯಾಕ ಮ್ಯಾಲ ಬಂದಿ?"

"ನೀ ಎಳದಿ, ಬಂದೆ" ಅಂದರು ಚಾಚಾ.

ಸುಳ್ಳು ಹೇಳಲಿಲ್ಲವಲ್ಲ ಈ ಸಲ ಎಂದು ನಾನು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು.

ಐವತ್ತಮೂರು ದಿನ ಅವರು ಬಿಳಿ ಬಟ್ಟೆಯಲ್ಲಿ ಹೋಗಿ ತಿನ್ನಿಸಿ ಬಂದರು. ಮುಖವಾಡ ಸಾಕು, ಉಡುಪು ಬೇಕಿಲ್ಲ ಎಂದು ನಿಯಮ ಬದಲಾದ ಮೇಲೂ ಅದನ್ನೇ ತೊಟ್ಟರು. ಆಗಸ್ಟಿನಲ್ಲಿ ತೂಬಾ ಬೀಬಿ ಹೋದರು, ಮಧ್ಯಾಹ್ನ, ಊಟವಾದ ಮೇಲೆ. ಮಣ್ಣಿಗೆ ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಗುಂಡಿಯ ಬದಿಯ ಮಣ್ಣು ತೇವವಾಗಿರುವುದನ್ನು ಚಾಚಾ ಬಗ್ಗಿ ಮುಟ್ಟಿ ನೋಡಿದರು. ಆ ಬಿಳಿ ಉಡುಪೊಂದನ್ನು ಮನೆಗೆ ತಂದು ಒಗೆದು ಮಡಿಸಿ ಬೀರುವಿನಲ್ಲಿ ಇಟ್ಟಿದ್ದಾರೆ. ಯಾಕೆಂದು ನನಗೆ ಗೊತ್ತು.

ಚಳಿಗಾಲಕ್ಕೆ ಮತ್ತೆ ಎಲ್ಲ ಮುಚ್ಚಿತು. ಮನೆಗೆ ಇಬ್ಬರಿಗಿಂತ ಹೆಚ್ಚು ಅತಿಥಿಗಳು ಬೇಡ, ಆಮೇಲೆ ಒಬ್ಬರೇ ಸಾಕು ಎಂದು ನಿಯಮ ಬಂತು. ಗೋಡೆಯಾಚೆ ಹದಿಮೂರು ಹೆಜ್ಜೆ ಅತ್ತ, ಹದಿಮೂರು ಹೆಜ್ಜೆ ಇತ್ತ. ನಾನು ದಿನಾ ಊಟಕ್ಕೆ ಕರೆಯುತ್ತಿದ್ದೆ, ಮೂರು ಸಲವೂ ಕೇಳುತ್ತಿದ್ದೆ. ಅವರು ಮೂರು ಸಲವೂ ಬೇಡ ಅನ್ನುತ್ತಿದ್ದರು. ಅಂದರೆ ನಿಜವಾಗಿಯೂ ಬೇಡ. ನಾನು ತಟ್ಟೆಯನ್ನು ಅವರ ಬಾಗಿಲಿಗೇ ಇಟ್ಟು ಬರುತ್ತಿದ್ದೆ.

ಜನವರಿಯ ಒಂದು ಸಂಜೆ ನಾವು ಮೂವರೂ ಊಟಕ್ಕೆ ಕೂತಿದ್ದೆವು. ಯಾರೋ ಬಾಗಿಲು ತಟ್ಟಿದರು. ಒಂದು. ಎರಡು. ನಡುವೆ ಸ್ವಲ್ಪ ಹೊತ್ತು ಏನೂ ಇಲ್ಲ. ಲೈಬಾ ಚಮಚ ಕೆಳಗಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಮೂರನೆಯದು.

ನಾನು ಏನೂ ಕೇಳಲಿಲ್ಲ. ಬಾಗಿಲು ತೆರೆದು ಇನ್ನೊಂದು ತಟ್ಟೆ ಇಟ್ಟೆ.